ಬೆಕ್ಕಿನ ಕೂದಲ ಗಂಟು

ತೇರದಾಳ, ೧೪ ಫೆಬ್ರುವರಿ ೧೯೩೭, ರವಿವಾರ

ನಮ್ಮವರು ಜಮಖಂಡಿಯಿಂದ ತಂದ ಉದ್ದಗೂದಲಿನ ಬೆಕ್ಕನ್ನು ನಾಳೆ ಗಾಡಿಯಲ್ಲಿ ವಾಪಸು ಕಳಿಸಬೇಕು. ಕೊಲ್ಲುವ ಪ್ರಾಣಿಯನ್ನು ಜೈನರು ಸಾಕಬಾರದೆಂದು ಅತ್ತೆಯವರ ಹಟ. ಈ ಸೋಮಾರಿ ಬೆಕ್ಕು ಇಲಿ ಕಂಡರೂ ಏಳುವುದಿಲ್ಲ, ಹಾಲನ್ನ ಉಂಡು ಮಲಗುತ್ತದೆ. ಹೇಳಿ ಹೇಳಿ ಸೋತೆ.

ಸಂಜೆ ಅದರ ಕಂಕುಳಲ್ಲಿ ಗಂಟುಗಟ್ಟಿದ ಕೂದಲಿಗೆ ಕತ್ತರಿ ಹಿಡಿದೆ.

“ಕತ್ತರಿ ಕೆಳಗಿಡು, ತೊಗಲ ಹರದೀತು,” ಎಂದರು ಅತ್ತೆ. ತಿಂಗಳಿಂದ ಅದನ್ನು ಮುಟ್ಟದವರು ತೊಡೆಯ ಮೇಲೆ ಹಾಕಿಕೊಂಡು, ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸತೊಡಗಿದರು. ಅದು ಮಿಸುಕಲಿಲ್ಲ.

“ಅತ್ತೀ, ಹೊತ್ತು ಮುಳಗಾಕತ್ತೈತ್ರಿ, ಊಟ ಮಾಡ್ರಿ,” ಎಂದೆ. ಏಳಲಿಲ್ಲ. ಕತ್ತಲಾದ ಮೇಲೆ ನಮ್ಮಲ್ಲಿ ಉಣ್ಣುವಂತಿಲ್ಲ, ಉಪವಾಸವೇ ಉಳಿದರು.

ಹಾಸಿಗೆ ಹಾಸುವಾಗ, ಬೆಳಿಗ್ಗೆ ಬೆಕ್ಕನ್ನು ಗಾಡಿಗೆ ಕೊಡಲೇ ಎಂದು ಕೇಳಿದೆ.

“ಇನ್ನೊಂದು ಕಂಕುಳ ಉಳದೈತಿ,” ಎಂದರು.