ಹಲಸಿನ ಬಿರಡೆಯ ಪಿಟೀಲು

ಬೆಳ್ತಂಗಡಿ
೧೯-೧-೧೯೬೨

ಶ್ರೀ ಶಿವಸುಬ್ರಹ್ಮಣ್ಯರಿಗೆ, ಮನೋರಮೆಯ ನಮಸ್ಕಾರಗಳು.

ನಾನು ಅಣ್ಣನ ಮನೆಯಲ್ಲಿ ಕ್ಷೇಮ. ನಿಮ್ಮ ಕ್ಷೇಮ ಕೇಳುವುದು ಹೆಂಡತಿಯ ಧರ್ಮ, ಆದರೆ ಇವತ್ತು ಆ ಮನಸ್ಸಿಲ್ಲ.

ನಾಲ್ಕು ಜನರ ಮುಂದೆ ನಿಮ್ಮ ಮಾನ ತೆಗೆದೆ ಎಂದು ಬರೆದಿದ್ದೀರಿ. ಯಾರು ಯಾರ ಮಾನ ತೆಗೆದದ್ದು? ಮೂಡಬಿದ್ರೆಯಲ್ಲಿ ನೀವು ಬೇರೆಯೇ ಕಥೆ ಹೇಳಿಕೊಂಡು ತಿರುಗುತ್ತಿರಬಹುದು. ಆದ್ದರಿಂದ ನಡೆದದ್ದನ್ನು ನಾನೇ ಬರೆಯುತ್ತೇನೆ, ಓದಿ.

ಮದುವೆಯಾಗಿ ಬಂದಾಗ ನನ್ನ ಜೊತೆ ಅಪ್ಪಯ್ಯ ಕೊಟ್ಟ ಪಿಟೀಲೂ ಬಂದಿತ್ತು. ಸೊಸೆ ಪಿಟೀಲು ಕುಯ್ಯುವುದು ಚಾವಡಿಯಲ್ಲಿ ಕೂತ ಗಂಡಸರಿಗೆ ಕೇಳಬಾರದು ಎಂದರು ನಿಮ್ಮ ಅಮ್ಮ. ನೀವು ಅದನ್ನು ಅಟ್ಟಕ್ಕೆ ಏರಿಸಿದಿರಿ. ಆಮೇಲೊಂದು ದಿನ, ಗೆದ್ದಲು ಹಿಡಿದಿತ್ತು, ಸುಟ್ಟು ಹಾಕಿದೆ ಎಂದಿರಿ. ನಾನು ಬಚ್ಚಲೊಲೆಯ ಮುಂದೆ ಕೂತು ಅಳುವಾಗ ನನ್ನ ಬೆನ್ನು ಸವರಿದಿರಿ. ಆ ಕೈಗೆ ನಾಚಿಕೆಯಾಗಲಿಲ್ಲವೇ?

ನೀವು ಅಧ್ಯಕ್ಷರಾದ ಸಂಗೀತ ಸಭೆಗೆ ಮಂಗಳೂರಿನ ವಾದ್ಯವೃಂದ ಬರುತ್ತದೆ, ಮದರಾಸಿನ ಪಿಟೀಲು ವಿದುಷಿ ಅನ್ನಪೂರ್ಣೇಶ್ವರಿ ಅತಿಥಿ ಎಂದು ಕೇಳಿದಾಗ ಹೊಸ ಸೀರೆ ಉಟ್ಟು ಹೊರಟವಳು ನಾನು. ವೀಣೆ, ಕೊಳಲು, ಪಿಟೀಲುಗಳೆಲ್ಲ ಒಟ್ಟಿಗೆ ಎದ್ದಾಗ ಮೈ ಜುಮ್ಮೆಂದಿತು. ನಡುವೆ ವಿದುಷಿಯ ಪಿಟೀಲಿನ ಕತ್ತಿನ ಅಂಟು ಬಿಟ್ಟಿತು. ನಿಮ್ಮ ಕಾರ್ಯದರ್ಶಿ ರುಕ್ಮಯ್ಯ ಮೈಕಿನಲ್ಲಿ, “ಗಾಬರಿ ಬೇಡ, ನಮ್ಮ ಅಧ್ಯಕ್ಷರು ವೃಂದಕ್ಕೆ ದಾನ ಕೊಟ್ಟ ಪಿಟೀಲು ಉಂಟು” ಎಂದರು. ಸಭೆ ನಿಮಗೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆಗ ಕಂಡಿತು, ತಂತಿ ಬಿಗಿಯುವ ಹಳದಿ ಬಿರಡೆ. ನನ್ನ ಪಿಟೀಲಿನ ಒಂದು ಬಿರಡೆ ಮುರಿದಾಗ ಅಪ್ಪಯ್ಯ ಬಂಟ್ವಾಳದ ಆಚಾರಿಯಿಂದ ಹಲಸಿನ ಮರದಲ್ಲಿ ಮಾಡಿಸಿದ್ದು. ಅತ್ತೆಯ ಧನ ಅಳಿಯ ದಾನ ಮಾಡಿದ ಎಂಬ ಗಾದೆಯನ್ನು ನಿಮ್ಮನ್ನು ನೋಡಿಯೇ ಕಟ್ಟಿರಬೇಕು.

ದೇವರಾಣೆ, ವಿದುಷಿ ಅದರಲ್ಲಿ ಕಲ್ಯಾಣಿ ನುಡಿಸುವಾಗ ನನ್ನ ಕೋಪವೂ ಇಳಿದಿತ್ತು. ಬೆಂಕಿಗೆ ಹೋಗದೆ ಎಲ್ಲೋ ಬದುಕಿತ್ತಲ್ಲ ಎಂದುಕೊಂಡೆ. ಕೊನೆಗೆ ನೀವು ಅವರಿಗೆ ಶಾಲು ಹೊದಿಸಿ, ಹೆಂಗಸರು ಸಂಗೀತದಲ್ಲಿ ಮುಂದೆ ಬರಬೇಕು ಎಂದು ಭಾಷಣ ಮಾಡಿದಿರಿ. ಅವರು, ಈ ಪಿಟೀಲನ್ನು ಯಾರೋ ಚೆನ್ನಾಗಿ ಪಳಗಿಸಿದ್ದಾರೆ, ಯಾರು ನುಡಿಸುತ್ತಿದ್ದರು ಎಂದು ಕೇಳಿದರು. “ಯಾರೂ ಇಲ್ಲಮ್ಮ, ಮನೆಯಲ್ಲಿ ಸುಮ್ಮನೆ ಬಿದ್ದಿತ್ತು” ಎಂದಿರಿ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ.

ಸುಟ್ಟೆ ಎಂದ ಸುಳ್ಳನ್ನಾದರೂ ಕ್ಷಮಿಸಬಹುದಿತ್ತು. ಯಾರೂ ಇಲ್ಲ ಎಂದದ್ದನ್ನು ಹೇಗೆ ಕ್ಷಮಿಸಲಿ?

ಅದಕ್ಕೇ ವೇದಿಕೆ ಹತ್ತಿದೆ. ಇದು ನನ್ನದು ಎಂದೆ. ವಿದುಷಿ ನನ್ನ ಮುಖ ನೋಡಿದರು, ಪಿಟೀಲನ್ನು ನನ್ನ ಕೈಗಿಟ್ಟರು. “ಜನ ನೋಡ್ತಾರೆ ಮಾರಾಯ್ತಿ, ಮನೆಗೆ ಹೋಗಿ ಮಾತಾಡುವ” ಎಂದು ನೀವು ಪಿಸುಗುಟ್ಟಿದಿರಿ. ಮನೆಯಲ್ಲಿ ಮಾತಾಡಿದ್ದು ಸಾಕಾಗಿದೆ. ಕೊಟ್ಟ ದಾನವನ್ನು ಹಿಂದೆ ತಂದರೆ ಪಾಪವೆಂದೂ ಬರೆದಿದ್ದೀರಿ. ಹಾಗಾದರೆ ಇನ್ನೊಂದು ಪಿಟೀಲನ್ನು ನಿಮ್ಮ ದುಡ್ಡಿನಿಂದಲೇ ಕೊಂಡು ಕೊಡಿ.

ಇಲ್ಲಿ ದಿನವೂ ಬೆಳಿಗ್ಗೆ ನುಡಿಸುತ್ತೇನೆ. ನಿನ್ನೆ ಒಂದು ವರ್ಣವನ್ನು ಪೂರ್ತಿ ನುಡಿಸಿದೆ. ಅತ್ತಿಗೆ ಅಡುಗೆ ಬಿಟ್ಟು ಬಂದು ಕೇಳುತ್ತಾಳೆ.

ಇಂತು,
ನಿಮ್ಮ ಮನೆಯಲ್ಲಿ ಯಾರೂ ಅಲ್ಲದ
ಮನೋರಮಾ

ವಿ.ಸೂ.: ವರ್ಣದ ಮಾತು ಸುಳ್ಳು. ಬೆರಳುಗಳು ಮರಗಟ್ಟಿವೆ, ಮಕ್ಕಳು ಮೊದಲು ಕಲಿಯುವ ಸರಳೆಯೇ ಸರಿಯಾಗಿ ಬರುವುದಿಲ್ಲ. ನಾನು ಕಮಾನು ಹಿಡಿದರೆ ಅತ್ತಿಗೆ ಮೆಲ್ಲನೆ ಬಾಗಿಲು ಎಳೆದುಕೊಳ್ಳುತ್ತಾಳೆ. ಪಿಟೀಲನ್ನು ವೇದಿಕೆ ಹತ್ತಿ ಕೇಳಿ ತಂದೆ, ಅಂದಿನ ಕೈಯನ್ನು ಯಾರ ಹತ್ತಿರ ಕೇಳಲಿ? ಈ ಕೈ ಮತ್ತೆ ಪಳಗುವ ತನಕ ಕರೆಯಲು ಬರಬೇಡಿ. ಬಂದರೆ ಎದುರಿಗೆ ಕೂರಿಸಿ, ಈ ಅಪಸ್ವರವನ್ನೆಲ್ಲ ನಿಮಗೇ ಕೇಳಿಸುತ್ತೇನೆ.