ಜಾರಿ ಬಂದ ಸಮತಟ್ಟು

ಶನಿವಾರ, ಆಗಸ್ಟ್ ೯

ಪ್ರೀತಿಯ ಮಗಳೇ,

ಫೋನು ಎತ್ತಲಿಲ್ಲ, ಕಾಗದವೂ ಹಾಕಲಿಲ್ಲ ಎಂದು ಸಿಟ್ಟಾಗಬೇಡ. ಫೋನು ಮಣ್ಣಿನಡಿ ಇದೆ. ಮೊದಲು ನಷ್ಟದ ಬಾಬ್ತು ಹೇಳಿಬಿಡುತ್ತೇನೆ, ಅಳು ಆಮೇಲೆ. ಮನೆ ಒಂದು, ಹೊಲಿಗೆ ಯಂತ್ರ ಮೂರು, ಒಲೆಯ ಮೇಲಿದ್ದ ಚಹಾ ಒಂದು ಲೋಟ. ನಾನು ಇಡಿಯಾಗಿ ಉಳಿದಿದ್ದೇನೆ.

ನಮ್ಮ ಗುಡ್ಡ ನಿನಗೆ ಗೊತ್ತಲ್ಲ, ಏಣು, ಕೊರಕಲು, ಮತ್ತೆ ಏಣು. ಚೆಂಡಿಟ್ಟರೆ ನಿಲ್ಲುವ ಜಾಗ ಒಂದೇ, ನನ್ನ ಪಾಲಿನ ಸಮತಟ್ಟು. ಆಳುದ್ದ ಕೆಂಪು ಮಣ್ಣು. ನಿನ್ನ ಸೋದರಮಾವನಿಗೆ ಹೋದದ್ದು ಅದರ ಕೆಳಗಿನ ಬಂಡೆ ಏಣು, ಗೇಣು ಮಣ್ಣೂ ಇಲ್ಲ. ಪಾಲಿನ ದಿನ ಅವನು ಒಂದೇ ಸಲ ಕೇಳಿದ್ದ, "ಮೇಲಿನ ಜಾಗ ನನಗೆ ಬಿಡ್ತೀಯೇನೇ?" "ಕಾರಣ ಹೇಳು" ಎಂದೆ. ಹೇಳಲಿಲ್ಲ. ಅಮ್ಮನ ಔಷಧಿಯ ಖರ್ಚೆಲ್ಲ ನನ್ನದೇ ಎಂದು ಪಟ್ಟು ಹಿಡಿದು ಗೆದ್ದೆ. ಅಂದಿನಿಂದ ಮಾತಿಲ್ಲ.

ಮೊನ್ನೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಕಟ್ಟೆಯ ಮೇಲೆ ಲೋಟ ತಾನಾಗಿಯೇ ನಡೆಯಿತು. ಕಿಟಕಿಯಲ್ಲಿ ನೋಡಿದರೆ ಅಣ್ಣನ ಮನೆ ನನ್ನ ಕಡೆಗೇ ಬರುತ್ತಿದೆ! ಇದೇನಪ್ಪಾ ಎಂದು ಬಾಯಿ ಬಿಟ್ಟು ನಿಂತೆ. ಹೋಗುತ್ತಿದ್ದದ್ದು ನಾನು, ಮನೆ ಸಮೇತ.

ಬಾಗಿಲು ಕಚ್ಚಿಕೊಂಡಿತು. ಹಾರೆ ಹಾಕಿ ಕಿಟಕಿ ಕಿತ್ತವನು ಅಣ್ಣನೇ. "ಬಾರೇ ಲೆಕ್ಕದಮ್ಮಾ, ಆಮೇಲೆ ಎಣಿಸ್ಕೋ!" ಎಂದು ರಟ್ಟೆ ಹಿಡಿದು ಎಳೆದ. ಹಿಂದೆಯೇ ಸೂರು ಕುಸಿಯಿತು.

ಅಳತೆಯವನು ಬಂದು ತಲೆ ಕೆರೆದುಕೊಂಡ. "ಅಮ್ಮಾ, ಗಡಿಕಲ್ಲು ನೆಟ್ಟಗಿದೆ, ನಿಮ್ಮ ಗೇಟೂ ನೆಟ್ಟಗಿದೆ. ಆದ್ರೆ ಎರಡೂ ನಿಮ್ಮಣ್ಣನ ಜಮೀನಲ್ಲಿವೆ." ಮೇಲೆ ಗುಡ್ಡದ ಮೈಯಲ್ಲಿ ಬೂದು ಜೇಡಿ, ನೆಕ್ಕಿದ ತಟ್ಟೆಯಂತೆ ಹೊಳೆಯುತ್ತಿತ್ತು. "ಈ ಸಮತಟ್ಟೇ ಯಾವತ್ತೋ ಮೇಲಿಂದ ಜಾರಿ ಬಂದು ಕೂತದ್ದು. ಕೂತದ್ದು ಎದ್ದಿದೆ ಅಷ್ಟೇ" ಎಂದ. ನಾವಿಬ್ಬರೂ ಕಚ್ಚಾಡಿದ್ದು ಅದಕ್ಕೆ, ಮಗಳೇ!

ಈಗ ಅಣ್ಣನ ಮುಂದಿನ ಕೋಣೆಯಲ್ಲಿದ್ದೇನೆ. ಕಾಗದ ಇಲ್ಲಿಗೇ ಹಾಕು. ನಿನ್ನ ಕಾಲಡಿಯ ನೆಲ ನಿಂತಲ್ಲೇ ನಿಂತಿರಲಿ.

ನಿನ್ನ ಅಮ್ಮ

ಮರೆತದ್ದು: ನಿನ್ನ ಅತ್ತೆಗೆ, ಅಣ್ಣನ ಹೆಂಡತಿಗೆ, ಜಂಬ, ಹೊಸಿಲು ದಾಟುವುದಿಲ್ಲ ಎಂದು ನಿನಗೆ ಹೇಳುತ್ತಿದ್ದೆನಲ್ಲ. ಪಾಲಿಗೆ ಮುಂಚೆಯೇ ಅವಳು ತವರಲ್ಲಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿದೆ. ಊರಿಗೆಲ್ಲ ಗೊತ್ತಿತ್ತಂತೆ. ಅಣ್ಣನ ಹೆಸರೆತ್ತಿದವರ ಬಾಯನ್ನು ನಾನು ಮುಚ್ಚಿಸುತ್ತಿದ್ದೆ. ಮೂಲೆಯಲ್ಲಿ ಗಾಲಿ ಕುರ್ಚಿ ಇದೆ, ಗಾಲಿಗೆ ಚೂರು ಮಣ್ಣು ಹತ್ತಿಲ್ಲ. ಹೊರಗೆ ಬರೀ ಬಂಡೆ, ಎಲ್ಲಿ ಉರುಳಿಸುವುದು? "ಯಾಕೋ ಹೇಳಲಿಲ್ಲ?" ಎಂದೆ. "ಕನಿಕರಕ್ಕೆ ಸಿಗೋ ಜಾಗ ಬೇಡ ಅಂದ್ಳು. ಬಿಡು, ಆ ಮನೇಲಿ ಇವಳಿದ್ದಿದ್ರೆ ಕಿಟಕೀಲಿ ಹೇಗೆ ಎಳೀತಿದ್ದೆ?" ಎಂದ. ಆ ಸಮಾಧಾನವನ್ನು ಜಮೆ ಮಾಡಿಕೊಳ್ಳಲು ನನಗೆ ಕೈ ಬರಲಿಲ್ಲ.

ಸಮತಟ್ಟಿನಿಂದ ಸಿಕ್ಕಿದ್ದಿಷ್ಟು. ನನಗೆ, ಇಷ್ಟು ವರ್ಷದ ಮನೆ. ಅಣ್ಣನಿಗೆ, ಜಮೀನಿನ ತುಂಬ ನನ್ನ ಮಣ್ಣು, ಮನೆಯಲ್ಲಿ ನಾನು. ಅತ್ತಿಗೆಗೆ, ಏನೂ ಇಲ್ಲ.