ಸಕ್ಕರೆ ತಿಂದ ಬಾಯಿ

ಮೇ ೭, ಗುರುವಾರ. ಮುಧೋಳ.

ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಸಿಹಿ ಹೋಗುತ್ತಿಲ್ಲ.

ಸಂಜೆ ಬಾಡಗಂಡಿಯಲ್ಲಿ ಬಸ್ಸಿಳಿದು ನಮ್ಮ ಮಹಿಳಾ ಸಂಘದ ತಾರವ್ವನ ಮನೆಗೆ ಹೋದೆ. ಹೊಸ್ತಿಲಲ್ಲೇ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಮೊಮ್ಮಗಳು ವೈಶಾಲಿ ಹತ್ತನೇ ತರಗತಿ ಪಾಸಾಗಿದ್ದಕ್ಕೆ ಅಂದುಕೊಂಡು ನುಂಗಿದೆ. "ಛಲೋ ಆತು ಬಿಡಬೇ" ಎಂದೂ ಅಂದೆ. ಒಳಗೆ ನೋಡಿದರೆ ಬೀಗರು ಕೂತಿದ್ದಾರೆ, ಹುಡುಗಿ ಹೊಸ ಸೀರೆಯಲ್ಲಿದ್ದಾಳೆ. ಅದು ನಿಶ್ಚಯದ ಸಕ್ಕರೆ. ಹದಿನಾರರ ಹುಡುಗಿಗೆ!

"ತಾರವ್ವಾ, ಏನಿದು?"

"ಲಗ್ನ ಅಲ್ಲಬೇ, ಬರೇ ಸಕ್ಕರಿ ತಿನಿಸೇವಿ. ಲಗ್ನ ಹದಿನೆಂಟ ತುಂಬಿದ ಮ್ಯಾಲೆ. ನಿನ್ನ ಕಾನೂನ ನನಗೂ ಗೊತ್ತೈತಿ."

ಗೊತ್ತಿರದೆ ಏನು? 'ಬರೇ ಸಕ್ಕರಿ' ಎಂಬ ಈ ನೆಪ ಮುರಿಯಲೆಂದೇ, ನಿಶ್ಚಯವನ್ನೂ ಅಪರಾಧ ಮಾಡಿ ಎಂದು ವರ್ಷಗಟ್ಟಲೆ ಬಿಸಿಲಲ್ಲಿ ಧರಣಿ ಕೂತು, ಕಡೆಗೆ ಆ ಕಾನೂನು ತರಿಸಿದೆವು. ಮುಂದೆ ನಿಂತು ಘೋಷಣೆ ಕೂಗಿದವಳು ಇವಳೇ. ಸಕ್ಕರೆ ತಿಂದ ದಿನವೇ ಹುಡುಗಿಯ ಶಾಲೆ ಮುಗಿಯುತ್ತದೆ ಎಂದು ಮೈಕಿನಲ್ಲಿ ಹೇಳಿದವಳೂ ಇವಳೇ.

ಹಿತ್ತಲಲ್ಲಿ ವೈಶಾಲಿ ನನ್ನ ಸೆರಗು ಹಿಡಿದಳು. "ಅಕ್ಕಾರ, ನಿಮ್ಮ ದಾರಿ ನೋಡಾಕತ್ತಿದ್ನಿ. ನೀವೂ ಸಕ್ಕರಿ ತಿಂದ್ರಲ್ಲ, ಇನ್ನ ಯಾರಿಗೆ ಹೇಳ್ಲಿ?"

ಈಗ ಸಿಟ್ಟು ಮಾಡಲಿಕ್ಕೂ ಕಸುವು ಉಳಿದಿಲ್ಲ. ಆದರೂ ಬೆಳಗ್ಗೆ ಎದ್ದು ದೂರು ಕೊಡುತ್ತೇನೆ. ತಾರವ್ವ ಇನ್ನು ನನ್ನ ಮುಖ ನೋಡಲಿಕ್ಕಿಲ್ಲ. ಸಾಕ್ಷಿ ಯಾರು ಎಂದು ಕೇಳಿದರೆ, ಸಕ್ಕರೆ ತಿಂದವಳು ನಾನೇ ಇದ್ದೇನಲ್ಲ.